ನಾಲಿಗಿಗೆ ಬಣ್ಣ ಹತ್ತೂದಿಲ್ಲ

ಹಳದಿ ಪುಡಿ ಕಂಡ್ರ ನನಗ ಈಗಲೂ ಎದಿ ಧಸಕ್ ಅಂತೈತಿ. ಅರಿಷಿಣಕ್ಕ ಹೆದರೂ ಪೈಕಿ ಅಲ್ಲ ನಾನು, ಅರಿಷಿಣದ ಡಬ್ಬಿಗೆ ದಿನಾ ಕೈ ಹಾಕತೇನಿ. ನಾ ಹೇಳಾಕತ್ತಿದ್ದು ಮುಂಬೈಯಿಂದ ತಗಡಿನ ಡಬ್ಬಿಯೊಳಗ ನಮ್ಮ ಬನಹಟ್ಟಿ ಮನಿಗೆ ಬರತಿದ್ದ ಪುಡಿ. ನೂಲಿಗೆ ಬಣ್ಣ ಹಾಕೂದು ನನ್ನ ಗಂಡನ ಮನಿಯ ಕಸಬು. ಆ ಮನಿಗೆ ಸೊಸಿಯಾಗಿ ಹೋದ ವರ್ಷನ ಆ ಪುಡಿ ನನ್ನ ಗಂಡನ್ನ ನನ್ನ ಕೈಯಿಂದ ಕಸಗೊಳ್ಳಾಕ ನೋಡಿತು. ಇದನ್ನ ಬರೀಬೇಕಂತ ಭಾಳ ದಿನದಿಂದ ಅಂದಕೊಂಡಿದ್ದೆ. ಆದರ ಮುಂದ ಮುಂದ ಹಾಕಿಕೋತ ಬಂದೆ.

ನನ್ನ ತವರು ಜಮಖಂಡಿ. ರಾಜರ ಆಳಿಕಿ ಮುಗಿದು ನಮ್ಮ ಸೀಮಿ ಮುಂಬೈ ರಾಜ್ಯದಾಗ ಕೂಡಿದ ಹೊಸತರಾಗಿನ ಮಾತು ಅದು. ಕಚೇರಿಗೆ ಹೋದ್ರ ಮರಾಠಿ, ಸಂತಿಗೆ ಹೋದ್ರ ಕನ್ನಡ. ನಾ ಮ್ಯಾಟ್ರಿಕ್ ತನಕ ಓದಿದ್ದೆ, ಮರಾಠಿ ನೀರು ಕುಡದಂಗ ಮಾತಾಡತಿದ್ದೆ. ಓದಿದ ಸೊಸಿ ಬಂದಾಳಂತ ಬನಹಟ್ಟಿ ಓಣಿ ಮಂದಿ ನೋಡಾಕ ಬಂದಿದ್ರು. ನಮ್ಮ ಅತ್ತಿ ಮಾತ್ರ, "ಓದಿದ್ದು ಇರಲಿ, ನೂಲು ಹಿಂಡಾಕ ಕೈಯಾಗ ಕಸುವು ಐತೋ ಇಲ್ಲೋ ನೋಡೂನು" ಅಂತ ಎಲ್ಲಾರ ಮುಂದ ನನ್ನ ರಟ್ಟಿ ಹಿಚುಕಿ ನೋಡಿದ್ಲು. ಮೈಯೆಲ್ಲಾ ಉರದಿತ್ತು ನನಗ. ನಾ ಏನು ಸಂತ್ಯಾಗ ಮಾರಾಕ ನಿಲ್ಲಿಸಿದ ಎತ್ತೇನು? ಖರೆ, ಅಕಿ ಬದುಕೂ ಹಂಗ ಇತ್ತು. ಮುಧೋಳ ಕಡಿಯಿಂದ ಸಣ್ಣ ವಯಸ್ಸಿಗೆ ಮದಿವಿಯಾಗಿ ಬಂದಾಕಿ. ಮಾವ ಲಗೂನ ತೀರಿ ಹೋದ ಮ್ಯಾಲ ಒಬ್ಬ ಮಗನ್ನ ಬಗಲಾಗ ಕಟಗೊಂಡು ಬಣ್ಣದ ತೊಟ್ಟಿ ಕಾಯ್ದು ಮನಿ ನಿಲ್ಲಿಸಿದ್ಲು. ಮಗ ಅಂದ್ರ ಅಕಿಗೆ ಪಂಚಪ್ರಾಣ. ಇಷ್ಟು ದೊಡ್ಡ ಗಂಡಸಿಗೆ ಇನ್ನೂ ತಾನ ತಲಿಗೆ ಎಣ್ಣಿ ಹಚ್ಚತಿದ್ಲು.

ಆ ಕಾಲಕ್ಕ ಸೀರಿ ಸೆರಗಿಗೆ ಪಕ್ಕಾ ಕೆಂಪು ಬೇಕಂತ ಸಾಂಗಲಿ ಕಡಿಯ ವ್ಯಾಪಾರಸ್ಥರು ಜೀವಾ ತಿನ್ನಾಕತ್ತಿದ್ರು. ಒಗದ್ರ ಹೋಗಬಾರದು, ಬಿಸಲಿಗೆ ಮಾಸಬಾರದು. ಅದಕ್ಕ ಬಂದಿದ್ದು ಈ ಹೊಸ ಪದ್ಧತಿ. ಮೊದಲ ನೂಲನ್ನ ಕಾಸ್ಟಿಕ್ ಸೋಡಾ ಹಾಕಿದ ನ್ಯಾಫ್ತಾಲ್ ಅನ್ನೂ ರಸಾಯನದ ನೀರಾಗ ಅದ್ದಿ, ಹಿಂಡಿ, ಒಣಗಸೂದು. ಆಗಿನ್ನೂ ನೂಲು ಬೆಳ್ಳಗ ಇರತೈತಿ, ಏನೂ ಆಗಿಲ್ಲ ಅನಸತೈತಿ. ಇನ್ನೊಂದು ತೊಟ್ಟಿಯಾಗ ಆ ಹಳದಿ ಪುಡಿಯನ್ನ ಆಸಿಡ್‌ನ್ಯಾಗ ಕಲಸಿ, ನೈಟ್ರೈಟ್ ಅನ್ನೂ ಉಪ್ಪು ಹಾಕಿ ತಯಾರ ಮಾಡಿದ ನೀರು. ಆ ನೀರು ಥಣ್ಣಗ ಇರಬೇಕು, ಬೆಚ್ಚಗಾತೋ ನೊರಿ ಬಂದು ಕೆಟ್ಟು ಹೋತು. ಬರ್ಫ ಎಲ್ಲಿಂದ ತರೂದು ಬನಹಟ್ಟಿಯಾಗ? ಮಾಳಗಿ ಮ್ಯಾಲ ಗಡಿಗ್ಯಾಗ ಆರಿಸಿದ ನೀರು ತಂದು, ಬಿಸಲು ಏರೂದ್ರಾಗ ಕೆಲಸ ಮುಗಸತಿದ್ರು. ಬೆಳ್ಳನ್ನ ನೂಲು ಆ ನೀರಿಗೆ ಬಿದ್ದ ಕೂಡಲೇ ಕಣ್ಣ ಮುಂದನ ಕೆಂಪಗಾಗತಿತ್ತು. ಮೊದಲ ಸಲ ನೋಡಿದಾಗ "ಅಯ್ಯ ಶಿವನ!" ಅಂತ ಹಿಂದ ಸರದಿದ್ದೆ. ನಮ್ಮ ಮನಿಯವರು, ಅಂದ್ರ ನನ್ನ ಗಂಡ, ನಕ್ಕು, "ಹೆದರಬ್ಯಾಡ, ಬಣ್ಣ ಕಚ್ಚೂದಿಲ್ಲ" ಅಂದ್ರು. ಕಚ್ಚತೈತಿ ಅಂತ ಪಾಪ ಅವರಿಗೂ ಗೊತ್ತಿರಲಿಲ್ಲ.

ಆ ಪುಡಿಯ ಜಾತಕ ನಾ ತಿಳಕೊಂಡಿದ್ದು ಭಾಳ ತಡಾ ಆಗಿ. ಹೆದರಿಕಿನ ನನ್ನ ಓದಿಸ್ತು. ಮುಂದ ಹೆಣ್ಣಮಕ್ಕಳ ಸಾಲ್ಯಾಗ ವಿಜ್ಞಾನ ಕಲಸೂತನಕ ಓದಿಸ್ತು. ಆರು ಇಂಗಾಲ ಕೈ ಕೈ ಹಿಡದು ನಿಂತ ಒಂದು ಉಂಗುರ, ಅದ ಬೆಂಜೀನ್. ಆ ಉಂಗುರಕ್ಕ ಒಂದು ಸಾರಜನಕ, ಎರಡು ಆಮ್ಲಜನಕ ಕೂಡಿದ ಗುಂಪು ಅಂಟಿದ್ರ ಅದು ನೈಟ್ರೊ ಪದಾರ್ಥ. ಬೆಂಜೀನಿಗೆ ಗಂಧಕದ ಆಮ್ಲ, ನೈಟ್ರಿಕ್ ಆಮ್ಲ ಕೂಡಿಸಿ ಹಾಕಿದ್ರ ಹಳದಿ ಎಣ್ಣಿಯಂಥಾದ್ದು ಹುಟ್ಟತೈತಿ. ಅದಕ್ಕ ಕಹಿ ಬಾದಾಮಿ ವಾಸನಿ, ಅಗ್ಗದ ಸಾಬೂನಿಗೆ ಹಾಕತಿದ್ರು. ಅದ ಎಣ್ಣಿಗೆ ಕಬ್ಬಿಣದ ಪುಡಿ, ಆಸಿಡ್ ಹಾಕಿ ಕಾಸಿದ್ರ ಆಮ್ಲಜನಕ ಕಳಚಿಕೊಂಡು ಅನಿಲಿನ್ ಆಗತೈತಿ. ಬಣ್ಣದ ಕಾರಖಾನಿಗಳು ಬದುಕಿದ್ದು ಅದರ ಮ್ಯಾಲ. ಬೆಂಜೀನಿನ ಬಳಗದ ಟಾಲ್ವೀನಿಗೆ ಅಂಥಾ ಗುಂಪು ಮೂರು ಅಂಟಿಸಿದ್ರ ಬಾಂಬಿನ ಮದ್ದು. ನಮ್ಮ ಡಬ್ಬಿಯ ಪುಡಿ ಇದ ಕುಲದ್ದು, ಉಂಗುರದ ಒಂದು ಕಡೆ ನೈಟ್ರೊ, ಎದುರಿನ ಕಡೆ ಅಮೈನೊ. ಸೀರಿಗೆ ಕೆಂಪು ಕೊಡೂದೂ ಇದ, ಕೈಯ ಚರ್ಮದಿಂದ ರಕ್ತಕ್ಕ ಇಳಿಯೂದೂ ಇದ. ಡಬ್ಬಿ ಮ್ಯಾಲ ಇಂಗ್ಲಿಷಿನಾಗ ಏನೇನೋ ಬರದಿತ್ತು. ಬಣ್ಣದ ಹೆಸರು ಓದಿದೆವು, ಉಳದದ್ದು ಯಾರೂ ಓದಲಿಲ್ಲ.

ಬಣ್ಣದ ಮನಿಯಾಗ ಯಾರ ಉಗುರೂ ಉಗುರಿನ ಬಣ್ಣದಾಗ ಇರೂದಿಲ್ಲ. ಒಂದು ವಾರ ಕೆಂಪು, ಒಂದು ವಾರ ಹಸರು, ನೀಲಿ ತೊಟ್ಟಿ ತಯಾರ ಮಾಡಿದ್ರಂತೂ ತಿಂಗಳಗಟ್ಟಲೆ ನೀಲಿ. "ನಮ್ಮ ಮನಿ ಗಂಡಸಿನ ಉಗುರು ನೋಡಿ ಪ್ಯಾಟ್ಯಾಗ ಯಾವ ಸೀರಿಗೆ ಗಿರಾಕಿ ಐತಿ ಅಂತ ಹೇಳಬಹುದು ನೋಡು" ಅಂತ ಅತ್ತಿ ಚಾಷ್ಟಿ ಮಾಡತಿದ್ಲು. ಬಣ್ಣ ಬಿಡಸಾಕ ಅಕಿಗೆ ಗೊತ್ತಿದ್ದ ಉಪಾಯ ಒಂದ. ಕುಸುಬಿ ಎಣ್ಣಿ ಗಸಗಸ ತಿಕ್ಕೂದು, ಕಡ್ಲಿಹಿಟ್ಟು ಹಚ್ಚೂದು, ಕುದಿಕುದಿ ನೀರು ಹಾಕೂದು. ಓಣ್ಯಾಗ ಎಲ್ಲಾ ಬಣ್ಣದ ಮನಿಯಾಗೂ ಹಂಗ. ಅದರಿಂದ ಯಾರಿಗೂ ಏನೂ ಆಗಿದ್ದು ಕೇಳಿರಲಿಲ್ಲ.

ದೀಪಾವಳಿ ಬಂತು. ನೀರು ತುಂಬೂ ಹಬ್ಬದ ದಿನ ನಾವು ಹಂಡೆ ತಿಕ್ಕಿ ಸುಣ್ಣದ ಪಟ್ಟಿ ಎಳದು ನೀರು ತುಂಬಾಕತ್ತಿದ್ರ, ಮನಿಯವರು ತೊಟ್ಟಿ ಮನಿಯಾಗ ಕುಂತು ಪುಡಿ ಅರೀಯಾಕತ್ತಿದ್ರು. ಹಬ್ಬ ಆದ ಕೂಡಲೇ ಲಗ್ನದ ಸೀರಿ ನೂಲು ಬೇಕಂತ ಗಡಬಡಿ. ಆ ಸಲದ ಪುಡಿ ಹಸಿ ಹಿಡದು ಗಂಟ ಗಂಟ ಆಗಿತ್ತು. ಒಳ್ಳಾಗ ಹಾಕಿ ಕುಟ್ಟಿ, ಬರೇ ಕೈಲೆ ಹಿಚುಕಿ ಹಿಚುಕಿ ಗಂಟು ಒಡದ್ರು. ಬೆವರಿದ ಮೈಮ್ಯಾಲ ಪುಡಿ ಹಾರಿ ಕೂತು, ಹೊರಗ ಬಂದಾಗ ಮೈಲಾರದ ಗೊರವಯ್ಯನ ಭಂಡಾರ ಎರಚಿಕೊಂಡಂಗ ಕಂಡ್ರು. ನಾ ನಕ್ಕೆ. ಸಂಜಿಮುಂದ ತಲಿ ನೋಯತೈತಿ ಅಂದ್ರು. ಹೊತ್ತು ಮುಳಗೂದ್ರಾಗ ಹಾಸಿಗಿ ಕೇಳಿದ್ರು. ಎರಡು ರೊಟ್ಟಿ ತಿನ್ನೂ ಮನಶಾ ಒಂದನ್ನ ಅರ್ಧಾ ಬಿಟ್ಟು ಎದ್ರು. ಕೈ ತೊಳಿಯೂ ಮುಂದ ನೋಡಿದೆ, ಉಗುರೆಲ್ಲಾ ನೀಲಿ.

"ನೀಲಿ ತೊಟ್ಟಿಗೆ ಯಾವಾಗ ಕೈ ಹಾಕಿದ್ರಿ?" ಅಂತ ಕೇಳಿದೆ.

"ಹಾಕಿಲ್ಲ" ಅಂದ್ರು. ಆಮ್ಯಾಲ, "ಯಾರಿಗ್ಗೊತ್ತ, ಹಾಕಿರಬೇಕು" ಅಂದ್ರು.

ಒಳಗಿಂದ ಅತ್ತಿ, "ನಸಕಿನ್ಯಾಗ ಎಣ್ಣಿ ಹಚ್ಚೂದು ಐತೆಲ್ಲಾ, ತಿಕ್ಕಿ ತಗೀತೇನಿ ಬಿಡು" ಅಂದ್ಲು. ಅಷ್ಟಕ್ಕ ಮಾತು ಮುಗೀತು.

ಚತುರ್ದಶಿ ನಸಕು. ಬಚ್ಚಲ ಒಲಿ ಮ್ಯಾಲ ಹಂಡೆ ಕುದಿಯಾಕತ್ತಿತ್ತು, ಓಣಿ ತುಂಬ ಪಟಾಕಿ ಸಪ್ಪಳ. ಆರತಿ ತಾಟು ಹಿಡಕೊಂಡು ನಾ ಬಚ್ಚಲ ಬಾಗಲದಾಗ ನಿಂತಿದ್ದೆ. ಅತ್ತಿ ಮಗನ್ನ ಮಣಿ ಮ್ಯಾಲ ಕುಂಡರಿಸಿ ನೆತ್ತಿಗೆ ಎಣ್ಣಿ ಒತ್ತಿ, ಎದಿಗೆ, ಬೆನ್ನಿಗೆ, ರಟ್ಟಿಗೆ, ಒಂದೊಂದು ಬೆರಳಿಗೂ ಹಚ್ಚಿ ತಿಕ್ಕಿದ್ಲು. ಎಣ್ಣಿ ಹಳದಿ ಆಗಿ ಹರೀತು. "ನೋಡು, ಹ್ಯಾಂಗ ಬಿಡಾಕತ್ತೈತಿ!" ಅಂತ ಅಕಿಗೆ ಹುರುಪು. ಆಮ್ಯಾಲ ಬಿಸಿನೀರು. ಚರಗಿ ಮ್ಯಾಲ ಚರಗಿ. ಹಂಡೆ ಬರಿದಾತು. ಅವರ ಕುತ್ತಗಿ ಯಾಕೋ ಜೋಲಾಕತ್ತಿತ್ತು, ನಿದ್ದಿಗಣ್ಣು ಅಂದಕೊಂಡೆ. ದೀವಿಗಿ ಹತ್ತರ ಹಿಡದೆ. ತುಟಿ ನೀಲಿ.

"ತುಟಿಗೂ ಹತ್ತೈತೆಲ್ಲೋ ನನ್ನಪ್ಪಾ, ಕೈಲೆ ಬಾಯಿ ಒರಸಿಕೊಂಡಿ ಏನು?" ಅಂತ ಅತ್ತಿ ಎಣ್ಣಿ ಬೆರಳಿಲೆ ತುಟಿ ತಿಕ್ಕಿದ್ಲು. ಹೋಗಲಿಲ್ಲ. ಮತ್ತ ತಿಕ್ಕಿದ್ಲು. ಹಿತ್ತಲದಾಗ ಇನ್ನೊಂದು ಒಲಿ ಮ್ಯಾಲ ನಮಗಂತ ಕಾಸಿದ್ದ ಹಂಡೆ ಇತ್ತು, ಅದನ್ನ ತಂದು ಎರಡೂ ಕೈಲೆ ಮ್ಯಾಲ ಎತ್ತಿದ್ಲು. ಅಷ್ಟರಾಗ ಅವರು ಏನೋ ಹೇಳಾಕ ಬಾಯಿ ತಗದ್ರು. ಮಾತು ಬರಲಿಲ್ಲ. ನಾಲಿಗಿ ಕಾಣಿಸ್ತು. ಅದೂ ನೀಲಿ, ನೇರಳಿ ಹಣ್ಣು ತಿಂದವರದ್ದು ಆಗತೈತಲ್ಲ, ಹಂಗ.

ಆ ಹೊತ್ತಿನ ಹೆದರಿಕಿ ಹ್ಯಾಂಗ ಹೇಳಲಿ? ಕೈಯಾಗಿನ ತಾಟು ಬಿತ್ತು. "ಅತ್ತೀ! ನಾಲಿಗಿಗೆ ಬಣ್ಣ ಹತ್ತೂದಿಲ್ಲರೀ! ಇದು ಬಣ್ಣ ಅಲ್ಲರೀ!" ಅಂತ ಕಿರಚಿದೆ. ಅತ್ತಿ ಹಂಡೆ ಕೆಳಗಿಟ್ಟು ಮಗನ ಮಾರಿ ಎರಡೂ ಕೈಲೆ ಹಿಡದು ನೋಡಿದ್ಲು. ಅವರು ಅಕಿ ಎದಿ ಮ್ಯಾಲ ವಾಲಿದ್ರು.

ಓಣಿ ಮಂದಿ ಕೂಡಿದ್ರು. ಹಾವು ಮುಟ್ಟೈತಿ ಅಂತ ಒಬ್ಬರು, ಗಾಳಿ ಬಡದೈತಿ ಅಂತ ಒಬ್ಬರು, ಮೈ ಥಣ್ಣಗಾಗೈತಿ, ಇನ್ನೂ ಬಿಸಿನೀರು ಹಾಕ್ರಿ ಅಂತ ಮತ್ತೊಬ್ಬರು. ಬಾಯಿಗೆ ಬಂದಂಗ! "ಯಾರರ ಮೋಟಾರ ತರ್ರೀ ಮೊದಲ!" ಅಂತ ಚೀರಿದೆ. ಹೊಸ ಸೊಸಿ, ತಲಿ ಮ್ಯಾಲ ಸೆರಗಿಲ್ಲ, ಗಂಡಸರ ಮುಂದ ಹಂಗ ಚೀರಿದ್ದಕ್ಕ ಎಲ್ಲಾರೂ ತೆಪ್ಪಗಾದ್ರು. ಹಬ್ಬಕ್ಕಂತ ಮನಿಗೆ ಬಂದಿದ್ದ ಲಾರಿ ಡ್ರೈವರ ಒಬ್ಬ ಓಡಿ ಹೋಗಿ ನೂಲಿನ ಲಾರಿ ತಂದ. ನೂಲಿನ ಗಂಟಿನ ಮ್ಯಾಲ ಅವರನ್ನ ಮಲಗಿಸಿ ಜಮಖಂಡಿ ದಾರಿ ಹಿಡದಿವಿ. ದಾರಿಗುಂಟ ಮಂದಿ ಹೊಸಾ ಅರಿವಿ ತೊಟಗೊಂಡು ಅಂಗಳದಾಗ ನಿಂತಿದ್ರು. ನಾ ಅವರ ಮೂಗಿನ ಹತ್ತರ ಕೈ ಇಟ್ಟು ಕುಂತಿದ್ದೆ. ಉಸರು ತಟಗು ತಡಾ ಆದ್ರ ನನ್ನ ಉಸರೂ ನಿಲ್ಲತಿತ್ತು. ಅತ್ತಿ ಅಂಗಾಲು ತಿಕ್ಕಿಕೋತ, "ಕಣ್ಣ ತಗಿಯೋ ತಮ್ಮಾ, ನಿಮ್ಮವ್ವ ಇಲ್ಲೇ ಅದೇನೋ" ಅಂತಿದ್ಲು. ದೇವರ ಹೆಸರು ಒಂದೂ ಬಾಯಿಗೆ ಬರಲಿಲ್ಲ ನನಗ.

ದವಾಖಾನಿ ಡಾಕ್ಟರು ಪುಣೆ ಕಡಿಯವರು. ಅವರೂ ಹಬ್ಬದ ಎಣ್ಣಿ ತಲಿಲೆ ಮನಿಯಿಂದ ಓಡಿ ಬಂದ್ರು. ಕನ್ನಡ ಬರತಿರಲಿಲ್ಲ, ನನ್ನ ಕೂಡ ಮರಾಠಿಯಾಗ ಮಾತಾಡಿದ್ರು. ಉಗುರು ನೋಡಿದ್ರು, ಒದ್ದಿ ಅರಿವಿಲೆ ಒರಸಿ ಮತ್ತ ನೋಡಿದ್ರು. ಏನು ಕೆಲಸ ಮಾಡತಾರ ಅಂತ ಕೇಳಿದ್ರು. ಹಳದಿ ಪುಡಿ ಅಂದ ಕೂಡಲೇ ಅವರ ಮಾರಿ ಬದಲಾತು. ಶಾಯಿ ಹೀರೂ ಕಾಗದ ತಂದು ನಮ್ಮ ಮನಿಯವರ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಹಾಕಿದ್ರು, ಬಾಜೂಕ ನನ್ನ ಬೆರಳಿಂದೊಂದು ಹನಿ. ನನ್ನದು ಕೆಂಪಗ. ಅವರದು ಕಾಕಂಬಿಯಂಗ ಕಂದು. ಗಾಳಿಗೆ ಹಿಡದು ಬೀಸಿದ್ರು, ಕಂದು ಕಂದಾಗೇ ಉಳೀತು. ಅತ್ತಿ ಆ ಕಾಗದ ನೋಡಿ ಗ್ವಾಡಿಗೆ ಆನಿಸಿ ನಿಂತ್ಲು.

ಲಡಾಯಿ ಕಾಲಕ್ಕ ಆ ಡಾಕ್ಟರು ಮದ್ದುಗುಂಡಿನ ಕಾರಖಾನಿಯ ದವಾಖಾನ್ಯಾಗ ಇದ್ದರಂತ. ಅಲ್ಲಿ ತೋಪಿನ ಗುಂಡಿಗೆ ಇಂಥಾದ ಹಳದಿ ಮದ್ದು ತುಂಬೂ ಮಂದಿ ಹಿಂಗ ನೀಲಿ ತುಟಿ ಮಾಡಿಕೊಂಡು ಬರತಿದ್ದರಂತ. "ಎಷ್ಟು ಮಂದಿ ಉಳದ್ರಿ?" ಅಂತ ಕೇಳಿದೆ. ಅವರು ಕಪಾಟು ಹುಡಕಾಕ ಹತ್ತಿದ್ರು. ಮ್ಯಾಲಿನ ಖಾನೆ, ಕೆಳಗಿನ ಖಾನೆ, ಆಮ್ಯಾಲ ಹಿಂದಿನ ಕ್ವಾಣಿ. ಔಷಧ ಇಲ್ಲಂತ ಬಂದು ಹೇಳತಾರಂತ ನನಗ ಖಾತ್ರಿ ಆಗಿತ್ತು. ಕಡೀಕ ಧೂಳು ಹಿಡದ ರಟ್ಟಿನ ಡಬ್ಬಿ ಹಿಡಕೊಂಡು ಬಂದ್ರು. ಗಾಜಿನ ಸಣ್ಣ ನಳಗಿ ಮುರದು ಸಿರಿಂಜಿಗೆ ಎಳದ್ರು. ನೋಡತೇನಿ, ಕಡುನೀಲಿ.

ಅತ್ತಿ ಹೆಬ್ಬುಲಿಯಂಗ ನಡುವ ಬಂದು ನಿಂತ್ಲು. "ಬಣ್ಣ! ಅದು ಬಣ್ಣ ಬೇ! ಸಣ್ಣಾಕಿ ಇದ್ದಾಗಿಂದ ಬಣ್ಣದಾಗ ಅದೇನಿ, ನನಗ ತಿಳಿಯೂದಿಲ್ಲೇನು? ಬಣ್ಣದಿಂದ ಸಾಯಾಕತ್ತಾನ, ಮತ್ತ ಬಣ್ಣ ಮೈಯೊಳಗ ಹಾಕತಾನ ಈ ಡಾಕ್ಟರ!"

ನಾ ಡಾಕ್ಟರಿಗೆ ಕೇಳಿದೆ. ಹೌದು, ಬಣ್ಣನ ಅಂದ್ರು. ಬಣ್ಣ ಖರೆ, ಆದರ ಕೆಟ್ಟ ರಕ್ತವನ್ನ ಇದ ಹಾದಿಗೆ ತರತೈತಿ. ಉಳಸತೇನಿ ಅಂತ ಮಾತು ಕೊಡಾಕ ಆಗೂದಿಲ್ಲ, ಬಿಟ್ಟರ ಮಾತ್ರ ಮಧ್ಯಾನ್ನ ನೋಡೂದಿಲ್ಲ ಇವರು ಅಂದ್ರು. ಅತ್ತಿ ನನ್ನ ಮಾರಿ ನೋಡಾಕತ್ತಿದ್ಲು. ನಾ ಹೂಂ ಅಂದು ಅವರು ಸತ್ರ? ಬ್ಯಾಡ ಅಂದು ಸತ್ರ? ನನಗ ಏನು ತಿಳೀತಿತ್ತು ಮಣ್ಣು? ಅಕಿ ರಟ್ಟಿ ಹಿಡದು, "ಸರೀರಿ ಅತ್ತಿ, ನಿಮ್ಮ ಕಾಲಿಗೆ ಬೀಳತೇನಿ, ಸರೀರಿ" ಅಂತ ಬಾಜೂಕ ಎಳದೆ. ಅಕಿ ಕಸುವು ಎಲ್ಲಿ ಹೋಗಿತ್ತೋ, ಹಗೂರಕ ಸರದ್ಲು. ಸೂಜಿ ನರಕ್ಕ ಹೋತು. ನೀಲಿ ನಿಧಾನಕ ಒಳಗ ಇಳೀತು. ನಾವಿಬ್ಬರೂ ಒಬ್ಬರ ಕೈ ಒಬ್ಬರು ಮುರಿಯೂಹಂಗ ಹಿಡಕೊಂಡಿದ್ದೆವು.

ಕಾಯೂದು ಅಂದ್ರ ಏನಂತ ಅವತ್ತ ತಿಳೀತು. ತುಟಿ ಬಿಟ್ಟು ಕಣ್ಣು ಕೀಳಲಿಲ್ಲ ನಾನು. ನೋಡಿ ನೋಡಿ ನೀಲಿ ಹೆಚ್ಚಾತು ಅನಸ್ತಿತ್ತು, ಮತ್ತ ಕಡಿಮಿ ಆತು ಅನಸ್ತಿತ್ತು. ಬಿಸಲು ಕಿಡಕಿ ದಾಟಿ ಮಂಚಕ್ಕ ಬರೂದ್ರಾಗ ಕಿವಿ ತುದಿ ಕೆಂಪಾತು. ಆಮ್ಯಾಲ ತುಟಿ. ಅವರು ಕಣ್ಣ ತಗದು, "ನೀರ ಕೊಡ ಬೇ ಯವ್ವಾ" ಅಂದ್ರು. ಅತ್ತಿ ಧೊಪ್ಪಂತ ನೆಲಕ್ಕ ಕುಂತು ಅತ್ತಳು. ನಾ ಹೊರಗ ಬಂದು ಬೇವಿನ ಗಿಡಾ ಹಿಡಕೊಂಡು ವಾಂತಿ ಮಾಡಿದೆ.

ಸಂಜಿಮುಂದ ಡಾಕ್ಟರು ಮಂಚದ ಹತ್ತರ ನಿಂತು ನನಗ ತಿಳಿಸಿ ಹೇಳಿದ್ರು. ನೈಟ್ರೊ ಪದಾರ್ಥ ಮೈಯೊಳಗ ಹೋದ್ರ ಮೈ ಅದರ ಆಮ್ಲಜನಕ ಒಂದೊಂದ ಕಳಚಾಕ ನೋಡತೈತಂತ. ಕಾರಖಾನ್ಯಾಗ ಕಬ್ಬಿಣ ಮಾಡೂ ಕೆಲಸ ಇಲ್ಲಿ ಮೈ ಮಾಡತೈತಿ, ಆದರ ಕಳಚೂ ನಡುವಿನ ಹಂತದಾಗ ಹುಟ್ಟೂ ವಸ್ತು ರಕ್ತದ ಕಬ್ಬಿಣವನ್ನ ಕೆಡಸತೈತಿ. ಕೆಟ್ಟ ರಕ್ತ ಗಾಳಿ ಹೊರೂದಿಲ್ಲ. ಉಸರು ಆಡತಿದ್ರೂ ಮನಶಾ ಒಳಗ ಉಸರುಗಟ್ಟಿ ಸಾಯತಾನ. "ಪುಡಿ ತಾನ ಒಳಗ ಹೋಗಿತ್ತು" ಅಂದ್ರು ಡಾಕ್ಟರು. "ಎಣ್ಣಿ ಹಚ್ಚಿ ತಿಕ್ಕಿ ಉಳದದ್ದನ್ನೂ ಒಳಗ ಕಳಿಸೀರಿ. ಬಿಸಿನೀರು ಹಾಕಿ ಲಗೂ ಲಗೂ ಕಳಿಸೀರಿ. ಇನ್ನೊಂದು ಹಂಡೆ ಹಾಕಿದ್ರ ನನ್ನ ಕಡೆ ಹೆಣಾ ತರತಿದ್ರಿ. ಯಾರು ಜಳಕಾ ಮಾಡಸಿದ್ರು ಇವರಿಗೆ?"

ಎಲ್ಲಾ ಮರಾಠಿಯಾಗ. ಅತ್ತಿ ಮಗನ ಕಾಲು ಒತ್ತಿಕೋತ ಕುಂತಿದ್ಲು, ಅವರಿಗೆ ನಿದ್ದಿ ಹತ್ತಿತ್ತು. "ಏನಂದ ಬೇ?" ಅಂತ ಕೇಳಿದ್ಲು ಅಕಿ.

ಹೇಳದಿದ್ರ ಮುಂದಿನ ವಾರ ಮತ್ತ ಎಣ್ಣಿ ಹಚ್ಚತಾಳ. ಹೇಳಿದ್ರ ಈ ಹೆಣ್ಣಮಗಳು ಉಳಿಯೂದಿಲ್ಲ. ಹಾವೂ ಸಾಯಬೇಕು, ಕೋಲೂ ಮುರೀಬಾರದು. "ಎಲ್ಲಾ ಆ ಪುಡಿದ ದೋಷ ಅಂದ್ರುರೀ. ಇನ್ನ ಮ್ಯಾಲ ಪುಡಿ ಮುಟ್ಟಿದ ಕೂಡಲೇ ಥಣ್ಣೀರಾಗ ಸಾಬೂನು ಹಚ್ಚಿ ತೊಳೀಬೇಕಂತ. ಎಣ್ಣಿ, ಬಿಸಿನೀರು ಸದ್ಯಕ್ಕ ಬ್ಯಾಡಂತ, ಅಶಕ್ತ ಆಗ್ಯಾರಲ್ಲ, ಅದಕ್ಕ" ಅಂದೆ. ಅಕಿ ಹೂಂ ಅಂತ ತಲಿ ಹಾಕಿದ್ಲು. ಉಸ್ ಅಂತ ಉಸರು ಬಿಟ್ಟೆ ನಾನು.

ಮರುದಿನ ಮುಂಜಾನೆ ಅವರು ಬಚ್ಚಲಕ್ಕ ಹೋಗಿ, "ಅಯ್ಯಯ್ಯ, ಉಚ್ಚಿ ಹಸರು ಬರಾಕತ್ತೈತಲ್ಲೋ!" ಅಂತ ಗಾಬರಿ ಬಿದ್ದು ಓಡಿ ಬಂದ್ರು. ಔಷಧದ್ದು ಅದು ಅಂತ ಡಾಕ್ಟರು ನಕ್ಕರು, ನಾವೂ ನಕ್ಕಿವಿ. ಮನಿಗೆ ಹೋಗಾಕ ಚಕ್ಕಡಿ ಸಿಕ್ಕಿತು. ಹುಲ್ಲಿನ ಮ್ಯಾಲ ಅವರು ಮಲಗಿದ್ರು, ಅತ್ತಿ ನಾನು ಹಿಂದ ಕಾಲು ಇಳಿಬಿಟ್ಟು ಕುಂತಿದ್ದೆವು. ಊರು ದಾಟಿತು. ಅಕಿ ರಸ್ತೆ ನೋಡಿಕೋತ ಸಣ್ಣ ದನಿಲೆ ಅಂದ್ಲು, "ಇನ್ನೊಂದು ಹಂಡೆ ಹಾಕಿದ್ರ ಹೆಣಾ ತರತಿದ್ರಿ ಅಂದನಲ್ಲ ಅಂವಾ."

"ಅತ್ತಿ, ನಿಮಗ ಮರಾಠಿ..."

"ಸಾಂಗಲಿಯವರ ಕೂಡ ಜಗಳಾಡಿಕೋತನ ಮುದುಕಿ ಆಗೇನಿ, ತಂಗಿ. ಕೇಳಿದ್ದು ತಪ್ಪಿರಬಹುದು ಅಂತ ನಿನ್ನ ಕೇಳಿದೆ. ನೀ ಬ್ಯಾರೇನ ಹೇಳಿದಾಗ ಖರೆ ಅಂತ ತಿಳೀತು." ಆಮ್ಯಾಲ ಹೊಳ್ಳಿ ಮಲಗಿದ ಮಗನ್ನ ನೋಡಿದ್ಲು. "ಅಂವಗ ಹೇಳಬ್ಯಾಡ" ಅಂದ್ಲು.

ಹೇಳಲಿಲ್ಲ. ಅವರು ಭಾಳ ವರ್ಷ ಬಾಳಿದ್ರು. ಮನಿಗೆ ಯಾರ ಬರಲಿ, ಆ ದೀಪಾವಳಿ ಕಥಿ ಹೇಳತಿದ್ರು. "ನಮ್ಮವ್ವ ಅವತ್ತ ಎಣ್ಣಿ ಹಚ್ಚಿ ಅಷ್ಟು ತಿಕ್ಕಿ ವಿಷ ತಗದ್ಲಂತ ಉಳದೇನಿ, ಇಲ್ಲಂದ್ರ ಡಾಕ್ಟರ ಏನು ಮಾಡತಿದ್ದ?" ಅಂತಿದ್ರು. ಅದನ್ನ ಕೇಳಿದಾಗೊಮ್ಮೆ ಅತ್ತಿ ಎದ್ದು ಅಡಗಿ ಮನಿಗೆ ಹೋಗತಿದ್ಲು. ನಾನೂ ಅಕಿ ಹಿಂದ ಹೋಗಿ ಬಾಜೂಕ ನಿಲ್ಲತಿದ್ದೆ.